ಹೊಗೆ ಹಾಕುವ ಓವನ್

ಈ ವರ್ಷ ಸಂಕ್ರಾಂತಿಯ ಮರುದಿನ ಇಂಡಿ ಊರಿನ ನಮ್ಮ ಮನೆಯ ಮಾಳಿಗೆಯ ಮೇಲೆ, ಕೆಟ್ಟುಹೋದ ಗುಂಡು ಓವನ್ನಿನಲ್ಲಿ, ಎರಡು ಬದನೆಕಾಯಿಗಳಿಗೆ ಹೊಗೆ ಹಾಕಲಾಯಿತು. ಹಾಕಿದವನು ನಾನೇ. ಪತ್ರಿಕೆಯಲ್ಲಿ ದುಡಿದವರಿಗೆ ತಾವೇ ಮಾಡಿದ್ದನ್ನೂ ‘ಮಾಡಲಾಯಿತು’ ಎಂದು ಬರೆಯುವ ಚಟ ಇರುತ್ತದೆ. ತಪ್ಪಾದರೆ ಯಾರ ಹೆಸರೂ ಬರುವುದಿಲ್ಲ.

ಓವನ್ ನನ್ನ ಹೆಂಡತಿಯದು. ಅಲ್ಯೂಮಿನಿಯಂನದು, ಮುಚ್ಚಳದ ನಡುವೆ ಒಂದು ಗಾಜು. ಕೇಕ್ ಉಬ್ಬುವುದನ್ನು ಅದರಲ್ಲಿ ಬಗ್ಗಿ ನೋಡುತ್ತಿದ್ದಳು. ಅವಳು ತೀರಿಹೋದ ಮೇಲೆ ಅದರ ಕರೆಂಟಿನ ಸುರುಳಿಯೂ ಸುಟ್ಟುಹೋಗಿ, ಓವನ್ ಅಟ್ಟ ಸೇರಿತು. ಅದನ್ನು ಇಳಿಸಿದ್ದು ಮಗಳು ಸಾವಿತ್ರಿಗಾಗಿ.

ಸಾವಿತ್ರಿ ಚೊಚ್ಚಲ ಹೆರಿಗೆಗೆಂದು ಮುದ್ದೇಬಿಹಾಳದಿಂದ ತವರಿಗೆ ಬಂದವಳು. ಹೆಣ್ಣು ಕೂಸು. ಎರಡೇ ದಿನ ಇತ್ತು. ಆಮೇಲೆ ಅವಳು ತಾಟಿನ ಮುಂದೆ ಕೂರುವುದು, ರೊಟ್ಟಿ ಮುರಿಯುವುದು, ಮುರಿದದ್ದನ್ನು ಮತ್ತೆ ಮುರಿಯುವುದು, ಇಷ್ಟೇ ನಡೆದಿತ್ತು. ನೆರಳೂ ಬೀಳದಷ್ಟು ಸೊರಗಿದಳು. ಒಂದು ಮುಂಜಾನೆ ತಾನಾಗಿ ಹೇಳಿದಳು: “ಅವ್ವನ ಒಲಿ ಮ್ಯಾಲಿನ ಬದನಿಕಾಯಿ ತಿನ್ನಬೇಕು ಅನಸ್ತೈತಿ. ಆ ಹೊಗಿ ವಾಸನಿ ಇರಬೇಕು.”

ಮನೆಯಲ್ಲಿ ಒಲೆ ಎಲ್ಲಿದೆ? ಗ್ಯಾಸ್ ಬಂದ ವರ್ಷವೇ ಅದನ್ನು ಒಡೆಸಿ ಕಟ್ಟೆ ಕಟ್ಟಿಸಿದವನು ನಾನು. ಹೊಗೆಯ ಬಗ್ಗೆ ನನಗಿದ್ದ ಅನುಭವವೂ ಒಂದೇ ಬಗೆಯದು. ‘ಭಿನ್ನಮತದ ಹೊಗೆ’ ಎಂದು ಎಷ್ಟೋ ಸಲ ತಲೆಬರಹ ಕೊಟ್ಟಿದ್ದೇನೆ. ಆ ಹೊಗೆಗೆ ಕಟ್ಟಿಗೆ ಬೇಕಾಗಿರಲಿಲ್ಲ. ಈ ಹೊಗೆಗೆ ತೊಗರಿಕಟ್ಟಿಗೆಯೇ ಬೇಕು. ಜಾಲಿಯದಾದರೆ ಕಹಿ ಬರುತ್ತದೆ. ಹಿಂದಿನವರು ಬೀಜದ ಗಂಟನ್ನು ಒಲೆಯ ಮೇಲೆ ತೂಗುಹಾಕುತ್ತಿದ್ದರು, ಹೊಗೆ ಹಿಡಿದ ಬೀಜಕ್ಕೆ ಹುಳ ಬೀಳುವುದಿಲ್ಲವೆಂದು. ಉಳಿಯಬೇಕಾದ್ದಕ್ಕೆಲ್ಲ ಹೊಗೆ ಹಾಕುವುದು ಆ ಕಾಲದ ಪದ್ಧತಿ.

ಝಳಕಿಯ ಪರಿಚಿತರ ಹೊಲದಿಂದ ಒಂದು ಹೊರೆ ತೊಗರಿಕಟ್ಟಿಗೆ ತಂದೆ. ಓವನ್ನಿನ ವಾಯರು ಕತ್ತರಿಸಿ, ಸುರುಳಿ ಕಿತ್ತು, ತಳಕ್ಕೆ ಹಳೆಯ ಹಂಚು ಇಟ್ಟು ಕೆಂಡ ಹಾಕಿದೆ. ಮೇಲೊಂದು ಜಾಲರಿ, ಅದರ ಮೇಲೆ ಬದನೆಕಾಯಿ. ಹೊಗೆ ಹೋಗಲೆಂದು ಮುಚ್ಚಳಕ್ಕೆ ಮೊಳೆ ಹೊಡೆದು ತೂತು ಮಾಡಿದೆ. ಹೊಗೆ ಆ ತೂತೊಂದನ್ನು ಬಿಟ್ಟು ಉಳಿದ ಎಲ್ಲ ಕಡೆಯಿಂದ ಬಂತು.

ಆಗ ಪಕ್ಕದ ಮಾಳಿಗೆಯಲ್ಲಿ ನೆರೆಮನೆಯ ಖಾಜಾಬಿ ಕಾಣಿಸಿದಳು. ತನ್ನ ಅಕ್ಕನ ಆರೈಕೆಗೆಂದು, ಹೆರಿಗೆಗೆ ಮೊದಲೇ, ಸಿಂದಗಿಗೆ ಹೋಗಿ ತಿಂಗಳ ಮೇಲಾಗಿತ್ತು. ಅಂದೇ ಬೆಳಿಗ್ಗೆ ಬಸ್ಸಿಳಿದಿದ್ದಳು.

“ಏನಣ್ಣಾ, ಓಣಿ ತುಂಬ ಹೊಗಿ ಎಬ್ಬಿಸೀರಲ್ಲ?”

“ಹೊಗಿ ಹಾಕಾಕತ್ತೇನಿ,” ಅಂದೆ.

“ಗಂಡಸರ ಕೈಲೆ ಆಗೂ ಕೆಲಸೇನ್ರಿ ಅದು? ನಿಲ್ರಿ, ಬಂದೆ.”

ನಮ್ಮ ಕಡೆ ‘ಮನ್ಯಾಗ ಹೊಗಿ ಹಾಕಾಕತ್ತಾರ’ ಎಂದರೆ ಒಂದೇ ಅರ್ಥ. ಬಾಣಂತಿಗೂ ಕೂಸಿಗೂ ನೀರು ಹಾಕಿ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಹೊಗೆ ಕೊಡುತ್ತಾರೆ. ಏನೂ ತಿಳಿಯದವನು ಓದಿದರೆ ಏನು ತಿಳಿದುಕೊಂಡಾನು ಎಂದು ಎಳೆಯ ವರದಿಗಾರರಿಗೆ ಪಾಠ ಹೇಳುತ್ತಿದ್ದವನು ನಾನು. ನನ್ನದೇ ಆ ಎರಡು ಮಾತನ್ನು ಮಾತ್ರ ತಿದ್ದಲಿಲ್ಲ.

ಖಾಜಾಬಿ ಸೆರಗಿನಲ್ಲಿ ಅಜವಾನ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಲೇ ಕೂಗಿದಳು: “ಎಲ್ಲೈತಿ ನಮ್ಮ ಕೂಸು? ಅಜ್ಜನ ಮೂಗು ಒಂದು ಬರಲಾರದಿದ್ರ ಸಾಕು.”

ಸಾವಿತ್ರಿ ಮಾಳಿಗೆಯ ಬಾಗಿಲಲ್ಲೇ ಇದ್ದಳು. “ಕೂಸು ಉಳೀಲಿಲ್ಲ ಚಿಗವ್ವ. ಅಪ್ಪ ಬದನಿಕಾಯಿಗೆ ಹೊಗಿ ಹಾಕಾಕತ್ತಾನ.”

ಖಾಜಾಬಿ ಮೆಟ್ಟಿಲ ಮೇಲೆಯೇ ನಿಂತಳು. ಓವನ್ ನೋಡಿದಳು, ಸಾವಿತ್ರಿಯನ್ನು ನೋಡಿದಳು.

“ನಿನಗ ಯಾರರೆ ಹೊಗಿ ಹಾಕ್ಯಾರೇನವಾ?”

“ಇಲ್ಲ.”

ಹೆರಿಗೆಗೆಂದು ಬಂದಿದ್ದ ಬಳಗದ ಹೆಂಗಸರು ಅಜವಾನದ ಡಬ್ಬಿ ಮುಚ್ಚಿಟ್ಟು ಬಸವನ ಬಾಗೇವಾಡಿಗೆ ಹೊರಟುಹೋಗಿದ್ದರು. ನಾನು ತಡೆದಿರಲಿಲ್ಲ. “ಕೂಸು ಇಲ್ಲಲ್ಲ ಅಂತ…” ಅಂದೆ.

“ಹಡದಾಕಿ ಅದಾಳಲ್ಲ, ಅಣ್ಣಾ.”

ಅವಳು ಮುಚ್ಚಳ ತೆಗೆದು, ಬದನೆಕಾಯಿಗಳನ್ನೂ ಜಾಲರಿಯನ್ನೂ ಪಕ್ಕಕ್ಕಿಟ್ಟಳು. ಸೆರಗಿನ ಗಂಟು ಬಿಚ್ಚಿ ಅಜವಾನವನ್ನು ಕೆಂಡಕ್ಕೆ ಉದುರಿಸಿದಳು. ಸಾವಿತ್ರಿಯನ್ನು ಹತ್ತಿರ ಕೂರಿಸಿ, ಹೆರಳು ಬಿಚ್ಚಿ, ಕೂದಲನ್ನು ಓವನ್ನಿನ ಮೇಲೆ ಹರಡಿ ಹಿಡಿದಳು. ಆಸ್ಪತ್ರೆಯಲ್ಲೂ ಕೂಸನ್ನು ಮಣ್ಣು ಮಾಡಿ ಬಂದ ದಿನವೂ ಅಳದಿದ್ದ ಸಾವಿತ್ರಿ ಆಗ ಅತ್ತಳು. “ಹೊಗಿ ಭಾಳ ಐತಿ,” ಅಂದಳು. “ಹೌದವಾ, ಭಾಳ ಐತಿ,” ಎಂದಳು ಖಾಜಾಬಿ, ಕೂದಲು ಬಿಡದೆ.

ಆಮೇಲೆ ಬದನೆಕಾಯಿಗಳನ್ನು ಅದೇ ಕೆಂಡದ ಮೇಲೆ ಮತ್ತೆ ಇಟ್ಟೆವು. ಅವಕ್ಕೆ ತೊಗರಿಕಟ್ಟಿಗೆಯದಕ್ಕಿಂತ ಅಜವಾನದ ವಾಸನೆಯೇ ಹೆಚ್ಚು ಹತ್ತಿತು. ಅಂದು ಸಾವಿತ್ರಿ ಎರಡು ತುತ್ತು ತಿಂದಳು.

ಸಾವಿತ್ರಿಗೆ ಹೊಗೆ ಹಾಕಲು ಖಾಜಾಬಿ ದಿನವೂ ಬರುತ್ತಿದ್ದಾಳೆ. ಓವನ್ನಿನ ಮುಚ್ಚಳ ಬೇಕಾಗಿಲ್ಲ, ಅದು ಮತ್ತೆ ಅಟ್ಟದ ಮೇಲಿದೆ. ನಿನ್ನೆ ಸಾವಿತ್ರಿ ಒಂದು ರೊಟ್ಟಿ ಪೂರ್ತಿ ತಿಂದಳು.