ಅಳತೆಗೆ ಮುಂಚೆ ಬಿಚ್ಚಿದ ಹೊಸಿಲು

2006ರಲ್ಲಿ ನಾನು ಭೂಸ್ವಾಧೀನ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದೆ. ರಸ್ತೆಗೆ ಹೋಗುವ ಕಟ್ಟಡಗಳನ್ನು ಅಳೆದು ಬೆಲೆ ಕಟ್ಟುವುದು ನನ್ನ ಕೆಲಸ. ಟೇಪು ಹಿಡಿದು ಹೋದಲ್ಲೆಲ್ಲ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಅದು ನನಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ.

ಮಾರೇನಹಳ್ಳಿಯಲ್ಲಿ ಕೆಂಪಮ್ಮ ಎಂಬವರ ಹಳೆಯ ಮನೆಯ ಮುಂದಿನ ಕೋಣೆ ರಸ್ತೆ ಅಗಲೀಕರಣಕ್ಕೆ ಹೋಗಬೇಕಿತ್ತು. ನಾನು ಹೋದಾಗ ಕೋಣೆಯೇ ಇರಲಿಲ್ಲ, ಬರೀ ಕಲ್ಲಿನ ತಳಪಾಯ.

"ಯಾರಮ್ಮ ಕೆಡವಿದ್ದು?"

"ನಾವೇ ಸಾರ್. ದಿನಾ ಅರಿಶಿನ ಕುಂಕುಮ ಇಟ್ಟ ಹೊಸಿಲು, ಅದರ ಮೇಲೆ ಜೆಸಿಬಿ ಹತ್ತಬಾರ್ದು ಅಂತ ಪೂಜೆ ಮಾಡಿ ಕೋಣೆನೇ ಬಿಚ್ಚಿದ್ವಿ. ಮನೆಯವರೆಲ್ಲ ಈಗ ಅಡುಗೆಮನೇಲೇ ಮಲಗ್ತಾ ಇದೀವಿ. ಪರಿಹಾರ ಬಂದ್ರೆ ಹಿಂದ್ಗಡೆ ಒಂದು ರೂಮು ಎತ್ತಬೇಕು."

ಅಳೆಯಲು ಗೋಡೆಯೇ ಇಲ್ಲದೆ ಆ ಪರಿಹಾರವೇ ಈಗ ಕೈತಪ್ಪುವ ಹಾಗಿತ್ತು.

ಕಚೇರಿಗೆ ಮರಳಿ ವಿಷಯ ತಿಳಿಸಿದಾಗ ನಮ್ಮ ಅಧಿಕಾರಿ, "ಇಲ್ಲದ ಗೋಡೆಗೆ ಬೆಲೆ ಬರೆದ್ರೆ ನಿಮ್ಮ ತಲೆಗೇ ಬರುತ್ತೆ ಕಣ್ರೀ" ಎಂದರು. ಕಟ್ಟದೇ ಇದ್ದ ಕೋಣೆ ಇತ್ತೆಂದು ಹೇಳಿ ದುಡ್ಡು ಕೇಳುವವರನ್ನೂ ಅವರು ಕಂಡಿದ್ದರು. ಆದರೆ ಕಾನೂನಿನಂತೆ ಬೆಲೆ ಕಟ್ಟಬೇಕಾದದ್ದು ಜಾಗ ಬೇಕೆಂದು ಸರ್ಕಾರ ಮೊದಲು ಪ್ರಕಟಿಸುವ ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ದಿನಕ್ಕೆ. ಅಂದು ಕೋಣೆ ನಿಂತಿತ್ತು ಎಂಬುದಕ್ಕೆ ಪುರಾವೆ ಬೇಕಿತ್ತು.

ಅದನ್ನು ಹುಡುಕಿಕೊಂಡು ಮರುದಿನ ಮತ್ತೆ ಹೋದೆ. ಕೆಂಪಮ್ಮನ ಆ ಕೋಣೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಅದರಲ್ಲಿ ತೊಲೆ ಕೂರಿಸಿದ್ದ ನಾಲ್ಕು ಗೂಡುಗಳು ಹಾಗೇ ಇದ್ದವು. ಬಿಚ್ಚಿದ ತೊಲೆಗಳನ್ನೂ ಹೊಸಿಲನ್ನೂ ಹಿತ್ತಲಲ್ಲಿ ಗೋಣಿ ಸುತ್ತಿ ಇಟ್ಟಿದ್ದರು. ಅಧಿಸೂಚನೆಯ ದಿನ ಕೋಣೆ ಇತ್ತು ಎನ್ನಲು ನೆರೆಯವರನ್ನು ಸಾಕ್ಷಿಗೆ ನಿಲ್ಲಿಸಿ ಮಹಜರು ಬರೆಯತೊಡಗಿದೆ. ಕೆಂಪಮ್ಮನ ಮಗನೂ ಪಕ್ಕದ ಮನೆಯವರೂ ತೊಲೆಯೊಂದನ್ನು ಹೆಗಲ ಮೇಲೆತ್ತಿ ಗೂಡಿಗೆ ಹಿಡಿದರು. ಮೊದಲನೆಯ ಗೂಡಿಗೆ ಅದು ಹೊಂದಲಿಲ್ಲ. ಕೆಂಪಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಎರಡನೆಯದರಲ್ಲಿ ತೊಲೆ ಸಲೀಸಾಗಿ ಒಳಗೆ ಹೋಗಿ ಕೂತಿತು. ಉಳಿದವನ್ನೂ ಹಾಗೇ ಕೂರಿಸಿ ನೋಡಿ, ತಳಪಾಯ ಅಳೆದು ವರದಿ ಬರೆದೆ.

ಅಧಿಕಾರಿ ವರದಿಯನ್ನು ಎರಡು ಸಲ ಓದಿದರು. "ತೊಲೆ ಸರಿಯಾಗಿ ಕೂತ್ಕೊಳ್ತಾ?"

"ಕೂತ್ಕೊಳ್ತು ಸಾರ್."

ಸಹಿ ಹಾಕಿದರು. ಕೆಂಪಮ್ಮನ ಮನೆಯವರೇ ಇಟ್ಟುಕೊಂಡ ಮರದ ಬೆಲೆ ಕಳೆದು ಪರಿಹಾರ ಬಂತು, ಹಿಂದೆ ರೂಮೂ ಎದ್ದಿತು.

ನೋಟಿಸಿನಲ್ಲಿ ಕಾನೂನಿನ ಕಲಮುಗಳೆಲ್ಲ ಇರುತ್ತವೆ, ಮನೆಯವರಿಗೆ ಬೇಕಾದ ಒಂದು ಮಾತು ಇರುವುದಿಲ್ಲ. ಆಮೇಲೆ ನಿವೃತ್ತನಾಗುವವರೆಗೂ ಪ್ರತಿ ಮನೆಗೂ ಮುಂಚೆಯೇ ಹೋಗಿ, "ನಾವು ಅಳೆಯೋವರ್ಗೂ ಒಂದು ಹೆಂಚೂ ತೆಗೀಬೇಡಿ" ಎಂದು ಹೇಳಿ ಬರುತ್ತಿದ್ದೆ.

ಅದನ್ನು ಕೇಳಿ ಕೆಲವರ ಮುಖ ಅರಳುತ್ತಿತ್ತು. "ಹಂಗಾದ್ರೆ ನಮ್ಮನೆ ಉಳಿಯುತ್ತಾ ಸಾರ್?"

ಇಲ್ಲ ಎನ್ನುವುದೂ ನನ್ನ ಕೆಲಸವೇ ಆಗಿತ್ತು.