ಕಂಪ್ಯೂಟರ್ ಎಬ್ಬಿಸುವ ಪಿ-ಯುನಕ್ಕ

ಒಂದೂರಿನಲ್ಲಿ ಹನ್ನೊಂದು ಮಂದಿ ನಿದ್ದೆಬುರುಕರಿದ್ದರಂತೆ. ಅನ್ನ ಕೇಳುತ್ತಿರಲಿಲ್ಲ, ಕೂಲಿ ಕೇಳುತ್ತಿರಲಿಲ್ಲ. ಒಮ್ಮೆ ಎದ್ದರೆಂದರೆ ಸಂಜೆಯವರೆಗೆ ತಲೆಯೆತ್ತದೆ ದುಡಿಯುವವರು. ಆದರೆ ಚಳಿಗಾಲ ಬಂದರೆ ಮಾತ್ರ ಬೆಳಗ್ಗೆ ಏಳಲೊಲ್ಲರು. ಬೈದರೂ ಏಳರು, ಬೆನ್ನು ತಟ್ಟಿದರೂ ಏಳರು. ಅದೇ ಊರಿನ ಒಬ್ಬ ಹೆಂಗಸು ಸೂರ್ಯ ಮೂಡುವ ಮೊದಲೇ ಮನೆಮನೆಗೆ ಹೋಗಿ, ಅವರ ಎದೆಗೆ ಬಿಸಿಯುಸಿರು ಊದಿ ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದಳಂತೆ.

ನನ್ನಜ್ಜಿ ಹೇಳಿದ್ದರೆ ಇಲ್ಲಿಗೆ ಒಂದು ಹೂಂಗುಟ್ಟುವಿಕೆ ಬೇಕಾಗುತ್ತಿತ್ತು. ಆದರೆ ಊರು ಇಲ್ಲೇ ಇದೆ: ತೈವಾನಿನ ಶತೋ, ಕಾಲುಚೀಲ ಮತ್ತು ಸೀಬೆಹಣ್ಣಿನ ಊರು. ನಿದ್ದೆಬುರುಕರು ಇಲ್ಲಿನ ಹೆಣಿಗೆ ಮನೆಗಳ ಹಳೆಯ ಕಂಪ್ಯೂಟರುಗಳು. ಹೆಂಗಸಿನ ಹೆಸರು ಶಾವ್ ಪಿ-ಯುನ್, ವಯಸ್ಸು ಐವತ್ತೆಂಟು. ಬಿಸಿಯುಸಿರು ಬರುವುದು ಗುಲಾಬಿ ಬಣ್ಣದ ಒಂದು ಹೇರ್ ಡ್ರೈಯರಿನಿಂದ.

ಬೆಳಗಿನ ಐದೂವರೆ. ಗುಡ್ಡದ ಬುಡದಲ್ಲಿ ಇನ್ನೂ ಕತ್ತಲೆ. ಪಿ-ಯುನ್ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ, ಅರ್ಧ ಎತ್ತಿದ ಶಟರಿನ ಕೆಳಗೆ ತೂರಿ ಒಳಗೆ ಹೋಗುತ್ತಾರೆ. ಮನೆಯ ಮುಂಗೋಣೆಯೇ ಕಾರ್ಖಾನೆ. ನಾಲ್ಕು ಹೆಣಿಗೆ ಯಂತ್ರ, ನೂಲುಂಡೆಗಳ ರಾಶಿ, ದೇವರ ಕೆಂಪು ದೀಪ, ದೀಪದ ಕೆಳಗೆ ಕಂಪ್ಯೂಟರ್. ಅವರು ಕುಕ್ಕರಗಾಲಿನಲ್ಲಿ ಕೂತು ಅದರ ಪಕ್ಕದ ತಗಡು ಬಿಚ್ಚಿ, ಒಳಗಿನ ಬೋರ್ಡಿಗೆ ನಾಲ್ಕು ನಿಮಿಷ ಬಿಸಿ ಗಾಳಿ ಹಿಡಿಯುತ್ತಾರೆ. ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನು ಗೊರಗೊರ ಎಂದು ಸುಮ್ಮನಾಗುತ್ತದೆ. ಎರಡನೆಯ ಸಲ ದೀಪ ಮಿನುಗಿ ಆರುತ್ತದೆ. ಮೂರನೆಯ ಸಲಕ್ಕೆ ಪರದೆ ಬೆಳಗುತ್ತದೆ. ಇವತ್ತು ಎರಡು ಸಾವಿರದ ಎರಡನೇ ಇಸವಿಯ ಜನವರಿ ಒಂದು ಎಂದು ಅದು ಖಡಾಖಂಡಿತವಾಗಿ ಸಾರುತ್ತದೆ. ಗಡಿಯಾರ ನಡೆಸುವ ಪುಟ್ಟ ಬ್ಯಾಟರಿಯ ಗೂಡು ತುಕ್ಕು ಹಿಡಿದು ಎಷ್ಟೋ ವರ್ಷವಾಯಿತು.

“ಹೊಸ ವರ್ಷದ ಶುಭಾಶಯ ಕಣಪ್ಪ,” ಎಂದು ಪಿ-ಯುನ್ ಅದಕ್ಕೆ ತಲೆ ಬಾಗಿಸುತ್ತಾರೆ.

ಒಳಗಿನಿಂದ ಮನೆಯೊಡತಿ ಕೂಗುತ್ತಾಳೆ: “ಅಕ್ಕಾ, ನಮ್ಮನೇಲಿ ದಿನಾ ಹೊಸ ವರ್ಷ. ರಜೆ ಮಾತ್ರ ಒಂದಿನಾನೂ ಇಲ್ಲ ನೋಡಿ!”

ಒಂಬತ್ತು ಮನೆ, ಹನ್ನೊಂದು ಯಂತ್ರ, ಹದಿನಾಲ್ಕು ಕಿಲೋಮೀಟರು. ಎಂಟು ಗಂಟೆಗೆ ಹೆಣಿಗೆಯವರು ಕೆಲಸಕ್ಕೆ ಕೂರುವ ಮೊದಲು ಎಲ್ಲವೂ ಎದ್ದಿರಬೇಕು. ಒಂದೊಂದರದ್ದೂ ಒಂದೊಂದು ಚಾಳಿ. ಐದನೆಯ ಮನೆಯದು ಪಕ್ಕಕ್ಕೆ ಒರಗಿಸಿದರಷ್ಟೇ ಏಳುತ್ತದೆ. ಒಂದು ಮೂಟೆ ನೂಲಿಗೆ ಆನಿಕೊಂಡೇ ಅದರ ಆಯುಷ್ಯ ಕಳೆಯುತ್ತಿದೆ. ಏಳನೆಯದು ಕೀಬೋರ್ಡ್ ಕಾಣುತ್ತಿಲ್ಲ ಎಂದು ದೂರುತ್ತದೆ, ಮುಂದುವರಿಯಲು ಕೀಬೋರ್ಡಿನ ಒಂದು ಗುಂಡಿ ಒತ್ತಿ ಎಂದು ಅದರ ಕೆಳಗೇ ಬರೆಯುತ್ತದೆ.

“ಕಣ್ಣೇ ಕಾಣಲ್ಲ ಅಂತಾನೆ, ಆಮೇಲೆ ಕಣ್ಸನ್ನೆ ಮಾಡು ಅಂತಾನೆ,” ಪಿ-ಯುನ್ ನಗುತ್ತಾರೆ. “ನಾನು ಒತ್ತುತೀನಿ. ಅವನೂ ಮುಂದೆ ಹೋಗ್ತಾನೆ. ಹೆಂಗೆ ಅಂತ ಇಬ್ಬರಿಗೂ ಗೊತ್ತಿಲ್ಲ.”

ಹೊಸ ಕಂಪ್ಯೂಟರ್ ತರಬಾರದೇ ಎಂದು ಕೇಳಿದರೆ ಹೆಣಿಗೆಯವರು ಕೇಳಿದವರನ್ನೇ ಕನಿಕರದಿಂದ ನೋಡುತ್ತಾರೆ. ಹೆಣಿಗೆ ಯಂತ್ರಗಳು ಇನ್ನೂ ಗಟ್ಟಿಯಾಗಿವೆ, ಆದರೆ ಹಳೆಯ ಕಂಪ್ಯೂಟರಿನ ಮಾತನ್ನು ಬಿಟ್ಟು ಬೇರೆ ಮಾತು ಅವಕ್ಕೆ ತಿಳಿಯದು. ಹೊಸದರಲ್ಲಿ ಹೆಣಿಗೆ ಯಂತ್ರದ ತಂತಿ ಸಿಕ್ಕಿಸುವ ಜಾಗವೇ ಇರುವುದಿಲ್ಲ.

ಪಿ-ಯುನ್ ಯಾವ ಶಾಲೆಯಲ್ಲೂ ಈ ವಿದ್ಯೆ ಕಲಿತವರಲ್ಲ. ಹದಿನಾರನೆಯ ವಯಸ್ಸಿಗೆ ಕಾಲುಚೀಲದ ಬೆರಳತುದಿ ಹೊಲಿಯಲು ಕೂತವರು, ಕಣ್ಣು ಮಂಜಾಗುವವರೆಗೆ ಅದನ್ನೇ ಮಾಡಿದರು. ಒಂದು ಜನವರಿಯಲ್ಲಿ ಧಣಿಯ ಕಂಪ್ಯೂಟರ್ ಬೆಳಗ್ಗೆ ಸತ್ತು ಮಧ್ಯಾಹ್ನ ಬದುಕುವ ಆಟ ಹೂಡಿತು. “ನಾನೂ ಹಂಗೇ. ಚಳೀಲಿ ತಲೆಗೆ ನೀರು ಹಾಕ್ಕೊಂಡ್ರೆ ಒಣಗೋ ತನಕ ಮಾತೇ ಹೊರಡಲ್ಲ. ಅದಕ್ಕೇ ಡ್ರೈಯರ್ ಹಿಡಿದು ನೋಡಿದೆ. ಎದ್ದೇ ಬಿಡ್ತು! ಎಲ್ಲರೂ ನನ್ನ ಮಂತ್ರಗಾತಿ ನೋಡ್ದಂಗೆ ನೋಡಿದ್ರು.” ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಡಬ್ಬಿಗಳು, ಅಂದರೆ ಕೆಪಾಸಿಟರುಗಳು, ವಯಸ್ಸಾಗಿ ಉಬ್ಬುತ್ತವೆ, ತಣ್ಣಗಿದ್ದಾಗ ಕೆಲಸ ಮಾಡವು ಎಂದು ಆಮೇಲೊಬ್ಬ ಮೆಕ್ಯಾನಿಕ್ ಹೇಳಿದನಂತೆ. ಬೆಸುಗೆ ಹಾಕುವುದನ್ನೂ ಅವನೇ ಕಲಿಸಿದ. ಆದರೂ ಎಷ್ಟೋ ಬೋರ್ಡುಗಳು ಬೆಸುಗೆಯ ಬಿಸಿಗೆ ಸಿಪ್ಪೆ ಏಳುತ್ತವೆ. ಅವಕ್ಕೆ ಡ್ರೈಯರೇ ಗತಿ.

ಈ ಚಳಿಗಾಲದಲ್ಲಿ ಹತ್ತು ಏಳುತ್ತಿವೆ. ಹನ್ನೊಂದನೆಯದು ಹನ್ನೆರಡು ದಿನದಿಂದ ಕಣ್ಣು ಬಿಟ್ಟಿಲ್ಲ. ಇದೇ ಶುಕ್ರವಾರದೊಳಗೆ ಅದನ್ನು ಎಬ್ಬಿಸುತ್ತೇನೆಂದು ಪಿ-ಯುನ್ ಚಾನ್ ವಾನ್-ತ್ಸಾಯ್ ಎಂಬ ಸೀಬೆ ಬೆಳೆಗಾರರಿಗೆ ಮಾತು ಕೊಟ್ಟಿದ್ದಾರೆ.

ಚಾನ್ ಅವರಿಗೆ ಎಪ್ಪತ್ತೊಂದು ವರ್ಷ. ಉಳುವ ಯಂತ್ರಕ್ಕೆ ಸಿಕ್ಕಿ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಕೃತಕ ಕಾಲು ತೊಡುವ ಮೊದಲು ಮೋಟುಗಾಲಿಗೆ ಒಂದು ಚೀಲ ಹಾಕಬೇಕು. ಅಂಗಡಿಯ ಚೀಲದ ಹೊಲಿಗೆ ಅವರ ಹಳೆಯ ಗಾಯದ ಮೇಲೇ ಉಜ್ಜಿ ಹುಣ್ಣಾಗುತ್ತದೆ. ಹೊಲಿಗೆಯಿಲ್ಲದೆ, ಅವರ ಕಾಲಿನ ಏರುತಗ್ಗಿಗೆ ಸರಿಯಾಗಿ ಹೆಣೆದ ಚೀಲದ ಅಳತೆ ಇರುವುದು ಒಂದೇ ಕಡೆ: ಲ್ಯೂ ತಿಯೆನ್-ಫಾ ಅವರ ಮನೆಯ ಆ ಹನ್ನೊಂದನೆಯ ಕಂಪ್ಯೂಟರಿನೊಳಗೆ. ಇದ್ದ ಕೊನೆಯ ಚೀಲ ತೂತಾಗಿದೆ. ಕೃತಕ ಕಾಲು ಗೋಡೆಗೊರಗಿದೆ. ತೋಟದಲ್ಲಿ ಎಳೆಕಾಯಿಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟುವ ಕಾಲ ಮೀರುತ್ತಿದೆ, ಕಟ್ಟದಿದ್ದರೆ ಕಾಯಿಯೆಲ್ಲ ನೊಣದ ಪಾಲು. ಊರುಗೋಲು ಹಿಡಿದವರಿಗೆ ಕಟ್ಟಲು ಕೈ ಉಳಿಯುವುದಿಲ್ಲ.

“ಸೀಬೆಕಾಯಿಗೆ ಹೊದಿಕೆ ಬೇಕು, ನನ್ನ ಕಾಲಿಗೂ ಹೊದಿಕೆ ಬೇಕು,” ಎನ್ನುತ್ತಾರೆ ಚಾನ್. “ಎರಡೂ ಆ ಡಬ್ಬಿ ಒಳಗೆ ಸಿಕ್ಕೊಂಡಿದೆ.”

ಶುಕ್ರವಾರ ಎಂಟು ಗಂಟೆಗೆ ಪಿ-ಯುನ್ ತಿಯೆನ್-ಫಾ ಅವರ ಮನೆ ತಲುಪುವಾಗ ಚಾನ್ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ಕೃತಕ ಕಾಲು ಪಕ್ಕದಲ್ಲಿ, ನೆಂಟನ ಹಾಗೆ. ತಿಯೆನ್-ಫಾ ಬಿಸಿ ಸೋಯಾ ಹಾಲು ಕೊಡುತ್ತಾರೆ. ಕಂಪ್ಯೂಟರ್ ಮೇಜಿನ ಮೇಲೆ, ಒಂದು ಹಲಗೆಯ ಕೆಳಗೆ, ಹೆಣಿಗೆ ಯಂತ್ರದ ಮಗ್ಗುಲಲ್ಲೇ ಇದೆ. ಬೇಸಿಗೆಯಲ್ಲಿ ಬಿಸಿಯಾಗುತ್ತದೆಂದು ತೆಗೆದ ಮೇಲ್ಮುಚ್ಚಳವನ್ನು ಯಾರೂ ಮತ್ತೆ ಹಾಕಿಲ್ಲ. ಸದ್ದು ಮಾಡಿ ದೂರು ಹೇಳುವ ಪುಟ್ಟ ಸ್ಪೀಕರ್ ಕೆಟ್ಟು ಹೋಗಿರುವುದರಿಂದ ಎಲ್ಲಿ ನೋವು ಎಂದೂ ಅದು ಹೇಳದು.

ಇದರ ಹಟ ಪಿ-ಯುನ್ ಅವರಿಗೆ ಅರ್ಥವೇ ಆಗಿಲ್ಲ. ಡ್ರೈಯರಿಗೆ ಜಗ್ಗಲಿಲ್ಲ. ಉಬ್ಬಿದ ಡಬ್ಬಿಗಳನ್ನು ಬದಲಾಯಿಸಿದರು, ಕಾರ್ಡುಗಳನ್ನೆಲ್ಲ ಕಿತ್ತು ರಬ್ಬರಿನಿಂದ ಉಜ್ಜಿದರು. ಎರಡು ಸಲ ಸ್ಕೂಟರಿನಲ್ಲಿ ತಮ್ಮ ಮನೆಗೆ ಹೊತ್ತೊಯ್ದರು. ಅಲ್ಲಿ ಒತ್ತಿದ ಕೂಡಲೇ ಒಳ್ಳೆಯ ಹುಡುಗನಂತೆ ಎದ್ದಿತು, ವಾಪಸು ತಂದಿಟ್ಟರೆ ಸತ್ತಂತೆ ಬಿತ್ತು. “ತವರಿಗೆ ಹೋದ್ರೆ ನಗು, ಗಂಡನ ಮನೇಲಿ ಮುಖ ದಪ್ಪ. ಏನು ಮಾಡೋದು ಹೇಳಿ?”

ತಿಯೆನ್-ಫಾ ಅವರದು ಬೇರೆಯೇ ವಾದ. ಅವರ ಹೆಂಡತಿ ಕಿಮ್-ಹೋ ಮಗಳ ಬಾಣಂತನಕ್ಕೆಂದು ಕಾವ್‌ಶ್ಯುಂಗ್‌ಗೆ ಹೋಗಿ ಹದಿಮೂರು ದಿನವಾಯಿತು. ಮಾರನೆಯ ದಿನದಿಂದಲೇ ಕಂಪ್ಯೂಟರ್ ಮಲಗಿದೆ. “ಅದಕ್ಕೆ ಅವಳೇ ಬೇಕು. ಇಪ್ಪತ್ತು ವರ್ಷ ಅವಳ ಕೈಯಲ್ಲೇ ಪಳಗಿದ್ದು. ನನ್ನ ಕಂಡ್ರೆ ಅದಕ್ಕೆ ಮೊದಲಿಂದ ಅಷ್ಟಕ್ಕಷ್ಟೇ.”

ಹೇಳುತ್ತಲೇ ಹೆಂಡತಿಗೆ ಫೋನ್ ಮಾಡಿ, ದನಿ ಜೋರು ಮಾಡಿ, ಕಂಪ್ಯೂಟರಿನ ಹತ್ತಿರ ಹಿಡಿಯುತ್ತಾರೆ.

“ಕೇಳಿಸ್ತಿದ್ಯಾ? ಮಾತಾಡು.”

“ಯಾರ ಜೊತೆ?”

“ಅದರ ಜೊತೆ. ನಿನ್ನ ದನಿ ಕೇಳಿದ್ರೆ ಏಳಬಹುದು.”

ಆ ಕಡೆ ಕೂಸು ಅಳುತ್ತಿದೆ. “ನಿನಗೆ ತಲೆ ಕೆಟ್ಟಿದೆಯಾ? ಮೂವತ್ತೆರಡು ವರ್ಷ ನಿನ್ನ ಎಬ್ಬಿಸಿದ್ದು ಸಾಲದಾ?” ಎಂದು ಕಿಮ್-ಹೋ ರೇಗುತ್ತಾರೆ. ಆಮೇಲೆ, ಯಾತಕ್ಕೂ ಇರಲಿ ಎಂಬಂತೆ: “ಏಯ್, ಏಳೋ! ಚಾನ್ ಮಾವ ಕಾಯ್ತಿದ್ದಾರೆ, ಏಳು!”

ತಿಯೆನ್-ಫಾ ಗುಂಡಿ ಒತ್ತುತ್ತಾರೆ. ಫ್ಯಾನು ಅರ್ಧ ಸುತ್ತು ಸುತ್ತುತ್ತದೆ.

“ಕೇಳಿಸ್ಕೊಂಡ! ನೋಡಿ, ಕೇಳಿಸ್ಕೊಂಡ!”

ಫ್ಯಾನು ನಿಲ್ಲುತ್ತದೆ. ಚಾನ್ ಬೆಂಚಿನಿಂದಲೇ ನಿಟ್ಟುಸಿರು ಬಿಡುತ್ತಾರೆ. “ಕೇಳಿಸ್ಕೊಂಡು ಮಗ್ಗುಲು ಬದಲಾಯಿಸಿದ ಅಷ್ಟೇ.”

ಪಿ-ಯುನ್ ಫೋನು ತೆಗೆದುಕೊಳ್ಳುತ್ತಾರೆ. “ಕಿಮ್-ಹೋ ಅಕ್ಕಾ, ನಂಗೆ ದಿಕ್ಕೇ ತೋಚ್ತಿಲ್ಲ. ನೀನಿದ್ದಾಗ ಇದ್ದಿದ್ದು, ಈಗ ಇಲ್ಲದ್ದು, ಏನಾದ್ರೂ ಇದೆಯಾ?”

“ಏನೂ ಇಲ್ಲ ಕಣೇ. ಅಲ್ಲಾ, ಹಸಿರು ಪೊಟ್ಟಣ ಇದೆ ತಾನೆ?”

ಹಸಿರು ಪೊಟ್ಟಣವೆಂದರೆ ಮಕ್ಕಳು ತಿನ್ನುವ ಜೋಳದ ಕುರುಕಲು. ಈ ದ್ವೀಪದಲ್ಲಿ ಅದನ್ನು ಮುಂದಿಡದ ಯಂತ್ರ ಕಡಿಮೆ. ಅದರ ಹೆಸರಿನ ಅರ್ಥವೇ ‘ಜಾಣನಾಗಿರು’, ಅದಿದ್ದರೆ ಯಂತ್ರ ಹಟ ಮಾಡದೆಂದು ನಂಬಿಕೆ. ಹಸಿರೇ ಆಗಬೇಕು, ತಾರೀಕು ಮೀರಬಾರದು, ಬಿಚ್ಚಲಂತೂ ಕೂಡದು. ಪಿ-ಯುನ್ ಬಗ್ಗಿ ನೋಡುತ್ತಾರೆ. ಕಂಪ್ಯೂಟರಿನ ಮುಂದೆ ನೆಟ್ಟಗೆ ನಿಂತಿರುವುದು ಹಳದಿ ಪೊಟ್ಟಣ.

ತಿಯೆನ್-ಫಾ ಸೂರು ನೋಡುತ್ತಿದ್ದಾರೆ.

“ತಿಯೆನ್-ಫಾ ಅಣ್ಣ,” ಪಿ-ಯುನ್ ಮೆಲ್ಲಗೆ ಕೇಳುತ್ತಾರೆ, “ಹಸಿರು ಎಲ್ಲಿ?”

“ತಿಂದ್ಬಿಟ್ಟೆ.”

“ಯಾವಾಗ?” ಪಿ-ಯುನ್ ಕೇಳುತ್ತಾರೆ.

“ಅವಳು ಹೋದ ದಿನ ಸಂಜೆ. ಅನ್ನ ಸೀದು ಹೋಗಿತ್ತು. ಅಂಗಡಿಯಲ್ಲಿ ಹಸಿರು ಮುಗಿದಿತ್ತು, ಹಳದಿ ತಂದೆ. ಅದಕ್ಕೆ ಗೊತ್ತಾಗಲ್ಲ ಅಂದ್ಕೊಂಡೆ.”

“ದೇವರಿಗಿಟ್ಟ ಹಣ್ಣು ಕೈಮುಗಿದಾದ ಮೇಲೆ ತಿನ್ನಬಹುದು. ಯಂತ್ರಕ್ಕಿಟ್ಟಿದ್ದು ಯಾರಾದ್ರೂ ತಿಂತಾರೇನೋ!” ಕಿಮ್-ಹೋ ಸ್ವರ ಏರುತ್ತದೆ. “ಹನ್ನೆರಡು ದಿನ ಪಿ-ಯುನ್ ಕೈಲಿ ಗೇಯಿಸಿದೆ, ಬಾಯಿ ಬಿಡಲಿಲ್ಲ! ಹೋಗಲಿ, ಹಳದೀನಾದ್ರೂ ನಾನು ತುರುಕಿದಂಗೆ ತುರುಕಿದ್ಯಾ?”

“ತುರುಕೋದು?”

“ಮುಂದೆ ಇಟ್ರೆ ಬಿದ್ದು ಹೋಗುತ್ತೆ ಅಂತ ಹಲಗೆಗೂ ಅದರ ತಲೆಗೂ ನಡುವೆ ಗಿಡಿದಿದ್ದೆ, ಬಿಗಿಯಾಗಿ. ಕಣ್ಣಿಗೆ ಅಷ್ಟೂ ಕಾಣಲ್ವಾ?”

ಪಿ-ಯುನ್ ಟಾರ್ಚ್ ಹಿಡಿದು, ಕೆನ್ನೆಯನ್ನು ಮೇಜಿಗಾನಿಸಿ, ಹಲಗೆಯ ಕೆಳಗಿನ ಸಂದಿಯಲ್ಲಿ ಬಹಳ ಹೊತ್ತು ನೋಡುತ್ತಾರೆ. ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಒಂದು ಕಾರ್ಡು ನೆಟ್ಟಗೆ ನಿಂತಿದೆ. ಹೆಣಿಗೆ ಯಂತ್ರದ ದಪ್ಪ ತಂತಿ ಅದಕ್ಕೇ ಸಿಕ್ಕಿಸಿದ್ದು. ಕಾರ್ಡನ್ನು ಹಿಡಿದಿಡುವ ತಗಡು ಯಾವತ್ತೋ ಮುರಿದಿದೆ. ತಂತಿ ಜಗ್ಗಿದ ಭಾರಕ್ಕೆ ಕಾರ್ಡು ತನ್ನ ಗೂಡಿನಿಂದ ಒಂದು ಕೂದಲೆಳೆಯಷ್ಟು ಮೇಲೆದ್ದಿದೆ. ಅವರು ಸಂದಿಯಲ್ಲಿ ಎರಡು ಬೆರಳು ತೂರಿಸಿ ಅದರ ನೆತ್ತಿಯನ್ನು ಕೆಳಕ್ಕೆ ಅದುಮುತ್ತಾರೆ.

“ಅಣ್ಣ, ಈಗ ಒತ್ತಿ.”

ಫ್ಯಾನು ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ. ಪರದೆ ಬೆಳಗುತ್ತದೆ. ಬೆರಳು ತೆಗೆದರೆ ಕಪ್ಪಾಗುತ್ತದೆ. ಮತ್ತೆ ಅದುಮಿ ಒತ್ತಿದರೆ ಮತ್ತೆ ಬೆಳಗುತ್ತದೆ.

“ನಮ್ಮನೇಲಿ ಈ ತಂತೀನೇ ಇರಲಿಲ್ಲ!” ಪಿ-ಯುನ್ ತಮ್ಮ ಹಣೆಗೆ ತಾವೇ ಹೊಡೆದುಕೊಳ್ಳುತ್ತಾರೆ. “ಜಗ್ಗೋರು ಯಾರೂ ಇಲ್ಲ, ಅದಕ್ಕೇ ಎದ್ದೇಳ್ತಿತ್ತು. ಇಲ್ಲಿ ಗಾಳಿ ತುಂಬಿದ ಪೊಟ್ಟಣ ಕಾರ್ಡನ್ನ ಅದುಮಿಕೊಂಡಿತ್ತು. ಅದನ್ನ ನೀವು ತಿಂದ್ರಿ.”

“ಹಂಗಾದ್ರೆ ಪೊಟ್ಟಣದ ಮಹಿಮೆ ಸುಳ್ಳಾ?” ತಿಯೆನ್-ಫಾ ಮುಖದಲ್ಲಿ ಮೊದಲಿಗಿಂತ ಹೆಚ್ಚು ಗೊಂದಲ.

“ಸುಳ್ಳು ಅಂತ ಹೆಂಗೆ ಹೇಳ್ಲಿ? ಅದು ಇದ್ದಾಗ ಎದ್ದಿದ್ದು ನಿಜ, ತಿಂದ ಮೇಲೆ ಮಲಗಿದ್ದೂ ನಿಜ. ನಂಗೆ ಕೇಳಬೇಡಿ ಅಣ್ಣ.”

ಪಿ-ಯುನ್ ಒಂದು ಕಾಲುಚೀಲವನ್ನು ನಾಲ್ಕು ಮಡಿಕೆ ಮಾಡಿ ತುರುಕಲು ಹೋಗುತ್ತಾರೆ. ಹಸಿರೇ ಬೇಕೆಂದು ತಿಯೆನ್-ಫಾ ತಡೆಯುತ್ತಾರೆ. ಕಾಲುಚೀಲ ಸಾಕು, ಸಾಲದು, ಸಾಕು, ಸಾಲದು ಎಂದು ಇಬ್ಬರೂ ಜಗ್ಗಾಡುವಾಗ ಚಾನ್ ಊರುಗೋಲಿನಿಂದ ನೆಲ ಕುಟ್ಟುತ್ತಾರೆ. “ಎರಡೂ ಇಡ್ರಪ್ಪಾ! ನನಗೆ ಕಾಲು ಬೇಕು.” ತಿಯೆನ್-ಫಾ ಚಪ್ಪಲಿಯಲ್ಲೇ ಅಂಗಡಿಗೆ ಓಡುತ್ತಾರೆ. ಬರುವಾಗ ಕೈಯಲ್ಲಿ ಮೂರು ಹಸಿರು ಪೊಟ್ಟಣ. ಒಂದು ಯಂತ್ರಕ್ಕೆ, ಒಂದು ಮುಂದಕ್ಕೆ, ಮೂರನೆಯದು ತನಗೆ ಎನ್ನುತ್ತಾರೆ. ಪಿ-ಯುನ್ ಮೂರನೆಯದನ್ನು ಕಿತ್ತುಕೊಂಡು ಚಾನ್ ಅವರ ಮಡಿಲಲ್ಲಿ ಇಡುತ್ತಾರೆ.

ಕಾಲುಚೀಲದ ಮೇಲೆ ಪೊಟ್ಟಣ, ಪೊಟ್ಟಣದ ಮೇಲೆ ಹಲಗೆ. ಗುಂಡಿ ಒತ್ತಿದೊಡನೆ ಪರದೆ ಬೆಳಗಿ ಹಾಗೇ ನಿಲ್ಲುತ್ತದೆ. ಅಳತೆಗಳ ಪಟ್ಟಿಯಲ್ಲಿ ಕೆಳಗಿಳಿದು ತಿಯೆನ್-ಫಾ ಒಂದು ಸಾಲಿನಲ್ಲಿ ನಿಲ್ಲುತ್ತಾರೆ: ಚಾನ್, ಎಡ, ಚಳಿಗಾಲ. ಹೆಣಿಗೆ ಯಂತ್ರದ ಸೂಜಿಗಳು ಸುತ್ತಲಾರಂಭಿಸುತ್ತವೆ. ಫೋನಿನ ಆ ತುದಿಯಲ್ಲಿ ಕಿಮ್-ಹೋ ಕೂಡ ಆ ಸದ್ದು ಕೇಳಿಸಿಕೊಳ್ಳುತ್ತಿದ್ದಾರೆ.

ಒಂಬತ್ತು ನಿಮಿಷಕ್ಕೆ ಬೂದುಬಣ್ಣದ ಚೀಲವೊಂದು ಬೆಚ್ಚಗೆ ಕೆಳಗೆ ಬೀಳುತ್ತದೆ. ಕಣ್ಣು ಮಂಜಾದ ಪಿ-ಯುನ್ ಅದನ್ನು ಬೆಳಕಿಗೆ ಹಿಡಿಯುವುದಿಲ್ಲ. ಒಳಗೆ ಕೈ ಹಾಕಿ, ತುದಿಯ ಸುತ್ತ ಹೆಬ್ಬೆರಳು ಆಡಿಸಿ, ಎಲ್ಲೂ ಗಂಟು ಸಿಗದಿದ್ದ ಮೇಲೆ ಚಾನ್ ಅವರ ಕೈಗೆ ಕೊಡುತ್ತಾರೆ.

ಚಾನ್ ಚೀಲ ಎಳೆದುಕೊಳ್ಳುತ್ತಾರೆ. ಗೆರೆ ಬೀಳದಂತೆ ಎರಡೂ ಕೈಯಿಂದ ಸವರುತ್ತಾರೆ. ಕಾಲು ತೊಟ್ಟು, ಪಟ್ಟಿ ಬಿಗಿದು, ಬೆಂಚು ಹಿಡಿದು ಮೇಲೇಳುತ್ತಾರೆ. ಒಂದು ಹೆಜ್ಜೆ. ಇನ್ನೊಂದು.

“ಒತ್ತುತ್ತಾ ಮಾವ?” ಪಿ-ಯುನ್ ಕೇಳುತ್ತಾರೆ.

“ಇಲ್ಲ.”

“ಉಜ್ಜುತ್ತಾ?”

“ಇಲ್ಲ ಅಂದ್ನಲ್ಲ.” ಚಾನ್ ಊರುಗೋಲನ್ನು ತಿಯೆನ್-ಫಾ ಕೈಗೆ ತುರುಕಿ, ಎರಡೂ ಕೈ ಬೀಸಿಕೊಂಡು, ಬಿಸಿಲು ಬಿದ್ದ ಬೀದಿ ದಾಟಿ ತೋಟದ ಕಡೆ ನಡೆಯುತ್ತಾರೆ.