ಆಂಟೆನಾ ಮೇಲಿನ ಪರಾತ

ಮೊನ್ನೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಪರಾತ, ನಮ್ಮ ಹಿಟ್ಟು ಕಲಸುವ ಅಗಲ ತಟ್ಟೆ, ತಿಕ್ಕುತ್ತಿದ್ದೆ. ಆ ಹುಳಿ ವಾಸನೆಗೆ ಕೋಪರಖೈರಣೆಯ ಹಳೆಯ ಮನೆ ನೆನಪಾಯಿತು... ಮೇಲಿನ ಮನೆಯಲ್ಲಿದ್ದ, ನಾನು ತಮ್ಮಾ ಎಂದು ಕರೆಯುತ್ತಿದ್ದ ಹುಡುಗನೂ.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಉಡುಪಿ ಕಡೆಯ ಅವನೊಬ್ಬನೇ ಮೆಟ್ಟಿಲಲ್ಲಿ ನಿಂತು ಮಾತಾಡಿಸುತ್ತಿದ್ದ.

"ಅಕ್ಕ, ನಿಮ್ಮ ಗಡಿಯಾರ ಹತ್ತು ನಿಮಿಷ ಮುಂದೆ ಉಂಟು. ನನಗೆ ಸೆಕೆಂಡಿನ ಲಕ್ಷದಲ್ಲೊಂದು ಪಾಲು ತಪ್ಪಿದರೂ ಕೆಲಸ ಹೋಗ್ತದೆ ಮಾರ್ರೆ!"

ಅಲ್ಲೇ ಹತ್ತಿರದ ಮಹಾಪೆಯ ಒಂದು ಕಂಪನಿಗಾಗಿ ಅವನು ಮನೆಯಲ್ಲೇ ಲಿನಕ್ಸ್ ಕಂಪ್ಯೂಟರೊಂದನ್ನು ಸಿದ್ಧಪಡಿಸುತ್ತಿದ್ದ. ಅದರೊಳಗೆ ಕೂರಿಸಿದ ಕಾರ್ಡಿಗೆ ತನ್ನದೇ ಗಡಿಯಾರವಿತ್ತಂತೆ. ಕಟ್ಟಡದ ತುದಿಯ ಗಚ್ಚಿಯ ಮೇಲಿನ ಬಿಳಿ ಅಣಬೆಯಂಥ ಆಂಟೆನಾ ಉಪಗ್ರಹಗಳಿಂದ ಸಮಯ ಹಿಡಿದು ಕಾರ್ಡಿಗೆ ಕೊಡಬೇಕು, ಕಾರ್ಡು ನೋಡಿ ಕಂಪ್ಯೂಟರ್ ತನ್ನ ಸಮಯ ತಿದ್ದಿಕೊಳ್ಳಬೇಕು. ಒಂದು ದಿನ ಸಂಜೆ ಐದಕ್ಕೆ ಅದರ ಪರೀಕ್ಷೆ ಇತ್ತು. ತಪ್ಪಿದರೆ ನೌಕರಿ ಇಲ್ಲ. ಹೆಂಡತಿ ತುಂಬು ಬಸುರಿ.

ಅಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೊದಲ ಮಳೆ ಬಂತು. ಪರಾತದಲ್ಲಿ ಒಣಹಾಕಿದ್ದ ಸಂಡಿಗೆ ಎತ್ತಲು ಗಚ್ಚಿಗೆ ಓಡಿದೆ. ಆಂಟೆನಾ ನೆನೆಯುತ್ತಿತ್ತು. ಪಾಪ, ಬೆಲೆಯ ಸಾಮಾನು ಕೆಟ್ಟೀತು ಎಂದು ಸಂಡಿಗೆಯನ್ನು ಸೆರಗಿಗೆ ಸುರಿದುಕೊಂಡು ಪರಾತವನ್ನು ಅದರ ಮೇಲೆ ಬೋರಲು ಹಾಕಿ ಬಂದೆ.

ಮೂರು ಗಂಟೆಗೆ ಅವನು ಕೆಳಗೆ ಬಂದ.

"ಎಂತ ಆಯ್ತೋ ಅಕ್ಕ... ಕಾರ್ಡ್ ಬಿಚ್ಚಿ ಹಾಕಿದೆ, ಎಲ್ಲ ಮೊದಲಿಂದ ಮಾಡಿದೆ. ಒಂದು ಉಪಗ್ರಹವೂ ಕಾಣ್ತಿಲ್ಲ. ನಿಮ್ಮಲ್ಲಿ ಕರೆಂಟ್ ಸರಿ ಉಂಟಾ?"

"ಹೂಂ, ಐತಿ ತಮ್ಮಾ."

ಅಷ್ಟೇ ಹೇಳಿದೆ. ಉಪಗ್ರಹ ಕಾಣುತ್ತಿಲ್ಲ ಎಂದಾಗಲೇ ನನಗೆ ಪರಾತ ನೆನಪಾಗಿತ್ತು. ಮೇಲೆ ಹೋಗಿ ಅವನು ಫೋನಿನಲ್ಲಿ, "ಸಾಬ್, ಏಕ್ ಘಂಟಾ ದೀಜಿಯೇ" ಎಂದು ಇನ್ನೊಂದು ಗಂಟೆಯ ಅವಕಾಶಕ್ಕೆ ಅಂಗಲಾಚುವುದು ಕೇಳಿಸಿತು. ಮಳೆ ನಿಂತಿತ್ತು. ಕಳ್ಳಿಯ ಹಾಗೆ ಬರಿಗಾಲಲ್ಲಿ ಗಚ್ಚಿ ಹತ್ತಿ, ಪರಾತವನ್ನು ಎದೆಗವಚಿಕೊಂಡು ಇಳಿದೆ. ಐದರ ತನಕ ದೇವರ ಮುಂದೆ ಕುಳಿತಿದ್ದೆ.

ಕೆಲಸ ಉಳಿಯಿತು. ಸಂಜೆ ಅವನು ಬಾಗಿಲಲ್ಲಿ ನಿಂತ.

"ಗಚ್ಚಿಯೆಲ್ಲ ಒದ್ದೆ ಅಕ್ಕ. ಆಂಟೆನಾ ಸುತ್ತ ಮಾತ್ರ ದುಂಡಗೆ ಒಣಗಿದ ಜಾಗ."

ಅವನ ಕಣ್ಣು ನನ್ನ ಹಿಂದಿದ್ದ ಪರಾತದ ಮೇಲಿತ್ತು.

"ಮುಂದಿನ ಸಲ ಪ್ಲಾಸ್ಟಿಕ್ ಬುಟ್ಟಿ ಮುಚ್ಚಿ, ಆಯ್ತಾ? ಹಿತ್ತಾಳೆ ದಾಟಿ ಸಿಗ್ನಲ್ ಬರೂದಿಲ್ಲ" ಎಂದು ನಕ್ಕು ಹೋದ. ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಆಮೇಲೆ ಅವರು ಮನೆ ಬದಲಿಸಿ ಸೀವುಡ್ಸ್‌ಗೆ ಹೋದರು. ಹೋದ ವರ್ಷ ಅವನ ಹೆಂಡತಿ ಫೋನು ಮಾಡಿ ಅತ್ತಳು... ಅವನಿಗೆ ಎದೆನೋವಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟನಂತೆ. "ತಪ್ಪು ನಂದು ತಮ್ಮಾ" ಎಂಬ ಮಾತು ನನ್ನಲ್ಲೇ ಉಳಿಯಿತು.

ಮಕ್ಕಳೇ, ಪರಾತವನ್ನು ತೊಳೆದು ಗೋಡೆಗೆ ಒರಗಿಸಿಟ್ಟಿದ್ದೇನೆ. ಬೋರಲು ಹಾಕಲು ಇಂದಿಗೂ ನನಗೆ ಹೆದರಿಕೆ.